ಅಧ್ಯಕ್ಷರ ಮೊದಲ ಗಾಳ

ವಿಯ್ಯಾ ರೆತಾಮೊ ಊರಿನ ಬೇಟೆ ಮತ್ತು ಮೀನುಗಾರಿಕೆ ಸಂಘಕ್ಕೆ ದೋನ್ ಬೌದಿಲಿಯೊ ಹೇಗೆ ಅಧ್ಯಕ್ಷರಾದರು ಎಂಬುದಕ್ಕೆ ಲಿಖಿತ ದಾಖಲೆ ಇದೆ. ಆ ದಾಖಲೆ ಬರೆದವನು ನಾನೇ, ಸಂಘದ ಕಾರ್ಯದರ್ಶಿ ಸೆಫೆರಿನೊ. ಹೊಟ್ಟೆಪಾಡಿಗೆ ಊರಿನ ಟಪಾಲು ಹಂಚುತ್ತೇನೆ. ನಡಾವಳಿ ಪುಸ್ತಕದಲ್ಲಿ 'ಸರ್ವಾನುಮತದಿಂದ' ಎಂಬ ಪದವನ್ನು ದುಂಡಗೆ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಬರೆದದ್ದೆಲ್ಲ ನಿಜ. ಒಂದೇ ಒಂದು ಸಣ್ಣ ಸಂಗತಿಯನ್ನು ಬಿಟ್ಟಿದ್ದೇನೆ. ಅವರು ಅಂದು ಕೈ ಎತ್ತಿದ್ದು ಅಧ್ಯಕ್ಷರಾಗುವುದಕ್ಕಲ್ಲ, ಕಿಟಕಿ ತೆಗೆಯಬಹುದೇ ಎಂದು ಕೇಳುವುದಕ್ಕೆ.

ದೋನ್ ಬೌದಿಲಿಯೊ ಬಾಯ್ಗೊರ್ರಿಯಾ ಚರ್ಚಿನ ಎದುರಿಗೆ ದಾರ, ಗುಂಡಿ, ಲೇಸು, ರಿಬ್ಬನ್ನು ಮಾರುವ ಅಂಗಡಿ ಇಟ್ಟುಕೊಂಡವರು. ವಯಸ್ಸು ಐವತ್ತಾರು. ಹತ್ತಿಯಂಥ ಕೈ, ಹತ್ತಿಯಂಥ ಮಾತು. ಎರಡು ಜೊತೆ ಕನ್ನಡಕ, ಒಂದು ರಸ್ತೆಗೆ, ಒಂದು ಸೂಜಿಗೆ. ಆಗಸ್ಟ್ ಎಂದರೆ ನಮ್ಮ ಕಡೆ ನಡು ಚಳಿಗಾಲ, ಆ ಚಳಿಯಲ್ಲಿ ಬೇಕರಿಯ ಹಿಂದಿನ ಕೋಣೆಯಲ್ಲಿ ನಮ್ಮ ವಾರ್ಷಿಕ ಸಭೆ ನಡೆದಿತ್ತು. ಬಹುಮಾನದ ಬಟ್ಟಲುಗಳಿಗೆ ಕಟ್ಟುವ ನೀಲಿ ರಿಬ್ಬನ್ನು ಕೊಟ್ಟು ಹೋಗೋಣವೆಂದು ಅವರು ಬಂದಿದ್ದರು, ಅಷ್ಟೇ. ಒಲೆ ಸಿಕ್ಕಾಪಟ್ಟೆ ಹೊಗೆಯಾಡುತ್ತಿತ್ತು. ಸಂಘದಲ್ಲಿ ಎರಡು ಬಣಗಳಿದ್ದವು. ಮಾಂಸದಂಗಡಿಯ ನಿಕಾನೊರ್ ಯಾನ್ಸೊನ್ ಕಡೆ ಒಂಬತ್ತು ಜನ, ಔಷಧದಂಗಡಿಯವನ ಕಡೆ ಒಂಬತ್ತು ಜನ. ನಾನು ಯಾವ ಕಡೆಯೂ ಇಲ್ಲ, ಕಾರ್ಯದರ್ಶಿಗೆ ಮತವಿಲ್ಲ. ನಾಲ್ಕು ಸಲ ಮತ ಎಣಿಸಿದರೂ ಒಂಬತ್ತು ಒಂಬತ್ತೇ ಆಯಿತು. ಮನೆಯಲ್ಲಿ ಊಟ ಆರುತ್ತಿತ್ತು. ನಾನು ಬೇಸತ್ತು, ಹಾಗಾದರೆ ಈ ಜವಾಬ್ದಾರಿ ಹೊರುವವರು ಬೇರೆ ಯಾರಾದರೂ ಇದ್ದಾರೆಯೇ ಎಂದು ಕೇಳಿದೆ.

ಆಗ ಹೊಗೆಯ ಒಳಗಿನಿಂದ ಒಂದು ಕೈ ಮೇಲೆದ್ದಿತು.

ಎರಡೂ ಬಣದವರು ತಿರುಗಿ ನೋಡಿದರು. ಎದುರಾಳಿ ಗೆಲ್ಲುವುದಕ್ಕಿಂತ ಇದು ಎಷ್ಟೋ ಮೇಲು ಎಂದು ಹದಿನೆಂಟು ಜನಕ್ಕೂ ಒಂದೇ ಗಳಿಗೆಯಲ್ಲಿ ಹೊಳೆದಿರಬೇಕು. ಮೊದಲು ಒಬ್ಬ ಚಪ್ಪಾಳೆ ತಟ್ಟಿದ, ಆಮೇಲೆ ಕೋಣೆಯೇ ತಟ್ಟಿತು. ದೋನ್ ಬೌದಿಲಿಯೊ ಏನೋ ಹೇಳಲು ಬಾಯಿ ತೆರೆದರು. ಆದರೆ ಐವತ್ತಾರು ವರ್ಷಗಳಲ್ಲಿ ಅವರಿಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಬಾಯಿ ಹಾಗೆಯೇ ಮುಚ್ಚಿಕೊಂಡಿತು. ಎಲ್ಲರೂ ಕೈಕುಲುಕಿ ಮುಗಿದ ಮೇಲೆ, ಬಹಳ ಸಂಕೋಚದಿಂದ, ಕಿಟಕಿ ತೆಗೆಯಬಹುದೇ ಎಂದು ಕೇಳಿದರು. ಅಧ್ಯಕ್ಷರ ಮೊದಲ ಆಜ್ಞೆ ಎಂದು ನಿಕಾನೊರ್ ಸ್ವತಃ ಎದ್ದು ಹೋಗಿ ಕಿಟಕಿ ತೆಗೆದ.

ಮರುದಿನದಿಂದ ಅಂಗಡಿಗೆ ಹೊಸ ಜಾತಿಯ ಗಿರಾಕಿಗಳು ಬರತೊಡಗಿದರು. ಎಲ್ಲರೂ ಗಂಡಸರು. ಅಂಗಿಗೆ ಒಂದು ಗುಂಡಿ ಬೇಕು ಎನ್ನುತ್ತ ಒಳಗೆ ಬಂದು, ಟ್ರೌಟ್ ಮೀನಿಗೆ ಎರೆಹುಳು ಒಳ್ಳೆಯದೋ ನೊಣ ಒಳ್ಳೆಯದೋ ಎಂದು ದನಿ ತಗ್ಗಿಸಿ ಕೇಳುತ್ತಿದ್ದರು. ದೋನ್ ಬೌದಿಲಿಯೊ ಕನ್ನಡಕ ತೆಗೆದು ಒರೆಸಿ, ಅದು ನೀರು ನೋಡಿ ಹೇಳಬೇಕಾಗುತ್ತದೆ ಎನ್ನುತ್ತಿದ್ದರು. ಮೂವತ್ತು ವರ್ಷ ಹೆಂಗಸರಿಗೆ 'ಅದು ಬಟ್ಟೆ ನೋಡಿ ಹೇಳಬೇಕಾಗುತ್ತದೆ' ಎಂದು ಹೇಳಿ ನಾಲಿಗೆ ಪಳಗಿದವರಿಗೆ ಒಂದು ಪದ ಬದಲಾಯಿಸುವುದು ದೊಡ್ಡ ಕಷ್ಟವೇನಲ್ಲ. ಬಂದವರು ತಲೆದೂಗಿಕೊಂಡು ಹೋಗುತ್ತಿದ್ದರು. ಔಷಧದಂಗಡಿಯವನಂತೂ, ನಿಜವಾಗಿ ಬಲ್ಲವರು ಹೀಗೆಯೇ, ಬಾಯಿ ಬಿಡುವುದಿಲ್ಲ ಎಂದು ತನ್ನ ಬಣಕ್ಕೆಲ್ಲ ಹೇಳಿಕೊಂಡು ಬಂದ.

ನಂಬದೆ ಇದ್ದವರು ಒಬ್ಬರೇ, ಅವರ ಹೆಂಡತಿ ದೋನ್ಯಾ ಓತಿಲಿಯಾ. ಟಪಾಲು ಕೊಡಲು ಹೋದವನು ನಾನು ಅಲ್ಲೇ ನಿಂತಿದ್ದೆ. ಆಕೆ ಗಜಕೋಲಿನಲ್ಲಿ ಲೇಸು ಅಳೆಯುತ್ತಿದ್ದರು.

"ಏನ್ ಮುದುಕಾ, ನಿಂಗೆ ಮೀನು ಹಿಡಿಯೋಕೆ ಬರತ್ತಾ?"

"ಚಿಕ್ಕವನಿದ್ದಾಗ ಹಿಡೀತಿದ್ದೆ."

"ಎಲ್ಲಿ?"

"ಅಲ್ಲೀ ಇಲ್ಲೀ."

ದೋನ್ಯಾ ಓತಿಲಿಯಾ ಇನ್ನೊಂದು ಗಜ ಲೇಸು ಅಳೆದರು. ಮತ್ತೇನೂ ಹೇಳಲಿಲ್ಲ. ಇಪ್ಪತ್ತೊಂಬತ್ತು ವರ್ಷ ಸಂಸಾರ ಮಾಡಿದ ಹೆಂಗಸು ಸುಮ್ಮನಿದ್ದಾಳೆ ಎಂದರೆ ಗಂಡಸು ಹುಷಾರಾಗಬೇಕು. ದೋನ್ ಬೌದಿಲಿಯೊ ಹುಷಾರಾಗಲಿಲ್ಲ.

ಅಕ್ಟೋಬರಿನಲ್ಲಿ ಪ್ರಾಂತ್ಯದ ಕಚೇರಿಯಿಂದ ಒಂದು ಕಾಗದ ಬಂತು. ಎಲ್ ಸೌಸೆ ಜಲಾಶಯ ನಮ್ಮ ಊರಿನಿಂದ ಲಾರಿಯಲ್ಲಿ ಐದು ಗಂಟೆಯ ದಾರಿ, ಬೆಟ್ಟದ ನೆತ್ತಿಗೆ. ಅಲ್ಲಿ ದಡದ ಮೇಲೆ ನಮ್ಮ ಅಪ್ಪಂದಿರು ಕಲ್ಲು ಹೊತ್ತು ಕಟ್ಟಿದ ಒಂದು ಕೊಠಡಿ ಇದೆ, ದೋಣಿ ಕಟ್ಟುವುದಕ್ಕೆ ಒಂದು ಮರದ ಕಟ್ಟೆ ಇದೆ. ಅದನ್ನು ಬಳಸುವ ಪರವಾನಗಿ ಆ ವರ್ಷಕ್ಕೆ ಮುಗಿಯುತ್ತಿತ್ತು. ಹಿಂದಿನ ವರ್ಷ ನಿಕಾನೊರನ ಲಾರಿಯ ಹೆಚ್ಚುವರಿ ಟೈರಿನೊಳಗೆ ನಲವತ್ತೊಂದು ಟ್ರೌಟ್ ಮೀನು ಸಿಕ್ಕಿದ್ದರಿಂದ (ಒಬ್ಬನಿಗೆ ಐದೇ ಎಂದು ಕಾನೂನು) ಕಚೇರಿಗೆ ನಮ್ಮ ಮೇಲೆ ಪ್ರೀತಿ ಇರಲಿಲ್ಲ. ಅವು ಹೇಗೆ ಅಲ್ಲಿಗೆ ಬಂದವು ಎಂದು ಕೇಳಿದ್ದಕ್ಕೆ ನಿಕಾನೊರ್, ಅವು ತಾವಾಗಿಯೇ ಹತ್ತಿರಬೇಕು ಎಂದಿದ್ದ. ಈಗ ನವೆಂಬರಿನಲ್ಲಿ ಮೀನಿನ ಕಾಲ ಶುರುವಾಗುವ ದಿನ ವನ್ಯಜೀವಿ ಇಲಾಖೆಯ ಇನ್‌ಸ್ಪೆಕ್ಟರ್ ಖುದ್ದಾಗಿ ಬಂದು, ಎರಡು ದಿನ ನಮ್ಮ ನಡತೆ ನೋಡಿ, ಪರವಾನಗಿ ಕೊಡಬೇಕೋ ಬೇಡವೋ ತೀರ್ಮಾನಿಸುತ್ತಾರೆ ಎಂದು ಕಾಗದದಲ್ಲಿ ಬರೆದಿತ್ತು. ಅಧ್ಯಕ್ಷರು ಕಡ್ಡಾಯವಾಗಿ ಹಾಜರಿರತಕ್ಕದ್ದು.

ಅದೂ ಸಾಲದೆಂಬಂತೆ ನಿಕಾನೊರ್ ಸಂಘದ ಪದ್ಧತಿಯನ್ನು ನೆನಪಿಸಿದ. ಕಾಲದ ಮೊದಲ ಗಾಳ ಅಧ್ಯಕ್ಷರದು. ಅವರು ಎಸೆಯುವವರೆಗೆ ಬೇರೆ ಯಾರೂ ನೀರು ಮುಟ್ಟುವ ಹಾಗಿಲ್ಲ.

ಆ ಮೂರು ವಾರ ದೋನ್ ಬೌದಿಲಿಯೊ ಮಧ್ಯಾಹ್ನ ಅಂಗಡಿ ಮುಚ್ಚಿ ಹಿತ್ತಲಲ್ಲಿ ಅಭ್ಯಾಸ ಮಾಡಿದರು. ಎರವಲು ತಂದ ಗಾಳದ ಕೋಲು, ತಮ್ಮದೇ ಅಂಗಡಿಯ ಗಟ್ಟಿ ದಾರ. ಮೊದಲ ದಿನವೇ ಕೊಕ್ಕೆ ಗೋಡೆ ಹಾರಿ ನೆರೆಮನೆಯ ದೋನ್ಯಾ ಪ್ರಾಕ್ಸೆದೆಸ್ ಒಣಹಾಕಿದ್ದ ಒಳಲಂಗಕ್ಕೆ ಸಿಕ್ಕಿಕೊಂಡಿತು. ಇವರು ಗಾಬರಿಯಿಂದ ಎಳೆದರು. ಲಂಗ ಗೋಡೆ ಹತ್ತಿ ಈ ಕಡೆ ಬಂತು. ದೋನ್ಯಾ ಪ್ರಾಕ್ಸೆದೆಸ್ ಎಪ್ಪತ್ತು ದಾಟಿದ ವಿಧವೆ, ಮರ್ಯಾದಸ್ಥೆ. ಸಂಜೆ ಅಂಗಡಿಗೆ ಬಂದು, ಲಂಗದ ಲೇಸಿನ ಮಾದರಿ ನೋಡಬೇಕಿದ್ದರೆ ಬಾಗಿಲು ತಟ್ಟಿ ಕೇಳಬಹುದಿತ್ತು, ತಾನೇನೂ ತಪ್ಪು ತಿಳಿಯುತ್ತಿರಲಿಲ್ಲ ಎಂದು ಹೇಳಿ ಹೋದರು. ಅಂದೇ ದೋನ್ಯಾ ಓತಿಲಿಯಾ ಕತ್ತರಿ ತಂದು ಕೊಕ್ಕೆಯನ್ನು ಕತ್ತರಿಸಿ ತೆಗೆದು, ಅದರ ಜಾಗಕ್ಕೆ ಭಾರಕ್ಕಿರಲಿ ಎಂದು ಒಂದು ದೊಡ್ಡ ಚಿಪ್ಪಿನ ಗುಂಡಿ ಕಟ್ಟಿಕೊಟ್ಟರು. ಅಲ್ಲಿಂದ ಮುಂದೆ ನೆರೆಹೊರೆ ಸುರಕ್ಷಿತವಾಯಿತು.

ಎಸೆಯುವುದು ಬರದಿದ್ದರೂ ಹೊಲಿಯುವುದು ಬರುತ್ತಿತ್ತಲ್ಲ. ದೋನ್ ಬೌದಿಲಿಯೊ ತಮಗಾಗಿ ಮೀನುಗಾರರ ಮೇಲಂಗಿಯೊಂದನ್ನು ಹೊಲಿದುಕೊಂಡರು. ಇಪ್ಪತ್ತೆರಡು ಜೇಬು, ಪ್ರತಿ ಜೇಬಿಗೂ ಮುಚ್ಚಳ, ಪ್ರತಿ ಮುಚ್ಚಳಕ್ಕೂ ಹೊಂದುವ ಗುಂಡಿ. ಹೊರಡುವ ಬೆಳಿಗ್ಗೆ ಅವರು ಅದನ್ನು ತೊಟ್ಟು ಚೌಕಕ್ಕೆ ಬಂದಾಗ ಲಾರಿಯ ಸುತ್ತ ನಿಂತಿದ್ದವರು ಸರಿದು ದಾರಿ ಬಿಟ್ಟರು. ಇಷ್ಟು ಜೇಬು ಬೇಕಾಗುವವನಿಗೆ ಏನೆಲ್ಲ ಗೊತ್ತಿರಬೇಡ ಎಂದು ನಿಕಾನೊರ್ ನನ್ನ ಕಿವಿಯಲ್ಲಿ ಉಸುರಿದ. ಎಲ್ಲ ಜೇಬುಗಳೂ ಖಾಲಿ ಇದ್ದವು. ಒಂದರಲ್ಲಿ ಮಾತ್ರ ಒಂದು ಡಬ್ಬಿ ಗುಂಡಿ ಇತ್ತು. ಅಂಗಡಿಯಿಂದ ಏನಾದರೂ ಒಂದು ಜೊತೆಗಿರಲಿ, ಧೈರ್ಯಕ್ಕೆ ಎಂದು ಇಟ್ಟುಕೊಂಡಿದ್ದರು.

ಇನ್ನೇನು ಲಾರಿ ಹೊರಡಬೇಕು, ದೋನ್ಯಾ ಓತಿಲಿಯಾ ಒಂದು ಗಂಟು ಹಿಡಿದು ಬಂದು ಹಿಂದೆ ಹತ್ತಿ ಕುಳಿತರು. ಹೆಂಗಸರು ಬರುವ ರೂಢಿ ಇಲ್ಲ ಎಂದು ಔಷಧದಂಗಡಿಯವನು ಮೆಲ್ಲಗೆ ಅಂದ. ಅಡುಗೆ ಯಾರು ಮಾಡುತ್ತಾರೆ ಎಂದು ಆಕೆ ಕೇಳಿದರು. ಆ ಚರ್ಚೆ ಅಲ್ಲಿಗೆ ಮುಗಿಯಿತು.

ಎಲ್ ಸೌಸೆ ತಲುಪಿದಾಗ ಬಿಸಿಲು ನೆತ್ತಿಗೆ ಏರುತ್ತಿತ್ತು. ಸುತ್ತ ಬೋಳು ಬೆಟ್ಟಗಳು, ನಡುವೆ ಹಸಿರು ನೀರು, ನೀರಿನ ಆಚೆ ಕಾಂಕ್ರೀಟಿನ ಅಣೆಕಟ್ಟು. ದಡದಲ್ಲಿ ಇಲಾಖೆಯ ಜೀಪು ಆಗಲೇ ನಿಂತಿತ್ತು. ಇನ್‌ಸ್ಪೆಕ್ಟರ್ ಮಾಬೆಲ್ ತೊಬಾರೆಸ್ ಅದಕ್ಕೊರಗಿ ಮತೆ ಕಷಾಯ ಹೀರುತ್ತಿದ್ದರು. ನಲವತ್ತರ ಹೆಂಗಸು, ಬಿಸಿಲಿಗೆ ಒಣಗಿದ ಮುಖ, ಕೈಯಲ್ಲಿ ಟಿಪ್ಪಣಿ ಪುಸ್ತಕ. ಮೊದಲು ಲಾರಿಯ ಹೆಚ್ಚುವರಿ ಟೈರು ನೋಡಿದರು. ಆಮೇಲೆ ನಮಗೆ ನಮಸ್ಕಾರ ಹೇಳಿದರು.

ಅಧ್ಯಕ್ಷರನ್ನು ದಡಕ್ಕೆ ಕರೆದುಕೊಂಡು ಹೋದೆವು. ಹದಿನೆಂಟು ಜನ ಸಾಲಾಗಿ ಟೋಪಿ ತೆಗೆದು ನಿಂತರು. ದೋನ್ ಬೌದಿಲಿಯೊ ಕೋಲು ಬಿಚ್ಚಿದಾಗ ನನಗೆ ಕಂಡಿತು, ದಾರದ ತುದಿಗೆ ಇನ್ನೂ ಆ ಚಿಪ್ಪಿನ ಗುಂಡಿಯೇ ಇತ್ತು. ಕೊಕ್ಕೆ ಕಟ್ಟಿಕೊಳ್ಳಬೇಕೆಂಬುದು ಅವರಿಗೆ ಅಲ್ಲಿಯೇ, ಅಷ್ಟು ಜನರ ಮುಂದೆ ನೆನಪಾಯಿತು. ಕೊಕ್ಕೆಗೆ ಯಾವ ಗಂಟು ಹಾಕುತ್ತಾರೆಂಬುದು ಅವರಿಗೆ ಗೊತ್ತಿರಲಿಲ್ಲ. ಕೆಂಪಗಾದರು, ಬೆಳ್ಳಗಾದರು, ಕಣ್ಣು ಮುಚ್ಚಿ ಎಸೆದುಬಿಟ್ಟರು. ಅಭ್ಯಾಸದ ಫಲವೋ ಏನೋ, ಗುಂಡಿ ಬಿಸಿಲಿನಲ್ಲಿ ಫಳಫಳಿಸುತ್ತ ಬಹಳ ದೂರ ಹಾರಿ ಪುಳಕ್ಕೆಂದು ಬಿತ್ತು. ಅವರು ಒಂದು ಕಲ್ಲಿನ ಮೇಲೆ ಕುಳಿತು, ನೀರನ್ನೇ ನೋಡುತ್ತ, ಭೂಮಿ ಬಾಯಿ ಬಿಡಲಿ ಎಂದು ಕಾದರು.

ಭೂಮಿ ಬಾಯಿ ಬಿಡಲಿಲ್ಲ, ನಿಕಾನೊರ್ ಬಿಟ್ಟ.

"ಕೊಕ್ಕೆ ಇಲ್ಲ," ಅಂದ. "ನೋಡಿದ್ಯಾ ಸೆಫೆ? ಕೊಕ್ಕೇನೇ ಇಲ್ಲ."

ನಾನು ಲಾರಿಯ ಕಡೆ ನೋಡಿದೆ.

"ಈಗ ಗೊತ್ತಾಯ್ತು ನೋಡು ನಂಗೆ," ಎಂದು ಅವನು ಮುಂದುವರಿಸಿದ. "ಮೀನಿಗೆ ಮೊದ್ಲು ರೂಢಿ ಮಾಡಿಸೋದು. ಹಗಲೆಲ್ಲಾ ಬರೀ ಗುಂಡಿ ತೋರ್ಸೋದು. ಏನೂ ಆಗಲ್ಲ ಅಂತ ಅವಕ್ಕೆ ನಂಬಿಕೆ ಬರತ್ತೆ. ಸಂಜೆ ಕೊಕ್ಕೆ ಹಾಕೋದು. ನಲವತ್ತು ವರ್ಷ ನಾವೆಲ್ಲಾ ಅವಸರ ಮಾಡಿ ಕೆಟ್ವಿ ಕಣೋ."

ಮತ್ತೆ ಅವನೇ ಹೋಗಿ, ಬಹಳ ಗೌರವದಿಂದ, ಅಧ್ಯಕ್ಷರ ಹತ್ತಿರ ಒಂದು ಗುಂಡಿ ಬೇಡಿದ. ದೋನ್ ಬೌದಿಲಿಯೊಗೆ ಮಾರಿ ಗೊತ್ತೇ ಹೊರತು ಇಲ್ಲ ಎಂದು ಹೇಳಿ ಗೊತ್ತಿಲ್ಲ. ಡಬ್ಬಿ ತೆಗೆದು, ನಾಲ್ಕು ತೂತಿನದು ಬೇಕೋ ಎರಡು ತೂತಿನದೋ ಎಂದು ಕೇಳಿದರು. ಅದು ನೀರು ನೋಡಿ ಅಲ್ಲವೇ ಎಂದು ನಿಕಾನೊರ್ ಗಂಭೀರವಾಗಿ ಉತ್ತರಿಸಿದ. ಅವನು ತಗೊಂಡಿದ್ದು ನೋಡಿ ಔಷಧದಂಗಡಿಯವನು ಬಂದ. ನಿಕಾನೊರನಿಗಿಂತ ದೊಡ್ಡದು ಬೇಕೆಂದ. ಅರ್ಧ ಗಂಟೆಯೊಳಗೆ ಎಲ್ ಸೌಸೆಯ ದಡದುದ್ದಕ್ಕೂ ಹದಿನೆಂಟು ಬಲಿತ ಗಂಡಸರು ಕೊಕ್ಕೆಗಳನ್ನು ಬಿಚ್ಚಿಟ್ಟು, ಕೋಟಿನ ಗುಂಡಿಗಳನ್ನು ನೀರಿಗೆ ಎಸೆದು, ಪಿಸುಮಾತಿನಲ್ಲೂ ಮಾತಾಡದೆ ಕುಳಿತಿದ್ದರು. ಇನ್‌ಸ್ಪೆಕ್ಟರ್ ತೊಬಾರೆಸ್ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಡೆದು ಪ್ರತಿಯೊಬ್ಬರ ದಾರವನ್ನೂ ಪರೀಕ್ಷಿಸಿದರು. ಪುಸ್ತಕದಲ್ಲಿ ಏನೋ ಬರೆದರು, ಹೊಡೆದುಹಾಕಿದರು, ಮತ್ತೆ ಬರೆದರು. ಕೊಠಡಿಯ ಬಾಗಿಲಲ್ಲಿ ದೋನ್ಯಾ ಓತಿಲಿಯಾ ಎಂಪನಾದ ಎಂಬ ಮಾಂಸದ ಕಡುಬಿಗೆ ಹಿಟ್ಟು ನಾದುತ್ತಿದ್ದರು. ನಾದುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಈ ಕಡೆ ನೋಡಿದರು. ಆಮೇಲೆ ಹಿಟ್ಟನ್ನು ಮೊದಲಿಗಿಂತ ಜೋರಾಗಿ ನಾದಿದರು.

ಸಂಜೆ ಕೊಕ್ಕೆ ಹಾಕುವ ಹೊತ್ತಿಗೆ ಸರಿಯಾಗಿ ಜೊಂದಾ ಗಾಳಿ ಎದ್ದಿತು. ಬೆಟ್ಟದಿಂದ ಇಳಿಯುವ ಆ ಬಿಸಿಗಾಳಿಗೆ ಮುಂದೆ ಏನಿದೆ ಎಂದು ನೋಡುವ ಅಭ್ಯಾಸವಿಲ್ಲ. ನಾವು ಬಲ್ಲವರೆಲ್ಲ ನೀರಿಗೆ ಹತ್ತಿರವಾಗಿ, ಚೊಕ್ಕ ಮರಳಿನ ಮೇಲೆ ಡೇರೆ ಹೊಡೆದಿದ್ದೆವು. ದೋನ್ ಬೌದಿಲಿಯೊ ಮಾತ್ರ, ಗೂಟ ಹೊಡೆಯಲು ಹೋಗಿ ಹೆಬ್ಬೆರಳು ಜಜ್ಜಿಕೊಂಡ ಮೇಲೆ, ಹಿಂದೆ ಯಾವ ಕಾಲದ್ದೋ ಕುರಿದೊಡ್ಡಿಯ ಮುರುಕು ಗೋಡೆಯ ಮರೆಗೆ ಹೋಗಿ, ಹಗ್ಗಗಳನ್ನು ಕಲ್ಲುಗಳಿಗೆ ಸುತ್ತಿ, ಪಾರ್ಸೆಲ್ ಕಟ್ಟುವ ಹಾಗೆ ಡೇರೆ ಕಟ್ಟಿದ್ದರು. ಹತ್ತು ನಿಮಿಷದಲ್ಲಿ ನಮ್ಮ ಡೇರೆಗಳೆಲ್ಲ ಎದ್ದು, ಒಂದರ ಹಿಂದೊಂದು ಜಲಾಶಯದ ಮೇಲೆ ಅಣೆಕಟ್ಟಿನ ಕಡೆ ಹೊರಟವು. ಔಷಧದಂಗಡಿಯವನ ಡೇರೆಯ ಜೊತೆ ಅವನ ಪ್ಯಾಂಟೂ ಹೋಯಿತು. ದೊಡ್ಡಿಯೊಳಗಿನ ಡೇರೆ ಮಾತ್ರ ಅಲುಗಲಿಲ್ಲ. ನಾವೆಲ್ಲ ಕಲ್ಲಿನ ಕೊಠಡಿಯೊಳಗೆ ಮೂಟೆಗಳಂತೆ ತುಂಬಿಕೊಂಡು, ಹಲ್ಲಿನ ನಡುವೆ ಮರಳು ಅಗಿಯುತ್ತ, ಗಾಳಿ ಬರುವುದು ಅವರಿಗೆ ಮೊದಲೇ ಗೊತ್ತಿತ್ತೇ ಎಂದು ಮಾತಾಡಿಕೊಂಡೆವು. ಗೊತ್ತಿತ್ತು ಎಂದು ತೀರ್ಮಾನವಾಯಿತು. ಗೊತ್ತಿದ್ದೂ ಹೇಳಲಿಲ್ಲವಲ್ಲ ಎಂದು ಒಬ್ಬ ಗೊಣಗಿದ. ನೀನು ಕೇಳಿದೆಯಾ ಎಂದು ನಿಕಾನೊರ್ ಅವನ ಬಾಯಿ ಮುಚ್ಚಿಸಿದ.

ಭಾನುವಾರ ಬೆಳಗಿನ ಜಾವ ಬೇಟೆ. ಮೊಲ ಹೊಡೆಯಲು ಅನುಮತಿ ಇತ್ತು, ಅವು ಎಷ್ಟು ಹೊಡೆದರೂ ಮುಗಿಯದಷ್ಟಿವೆ. ಅಧ್ಯಕ್ಷರ ಜೊತೆ ಹೋಗುವ ಗೌರವ ತನ್ನದೆಂದು ನಿಕಾನೊರ್ ಹಟ ಹಿಡಿದ. ಉಳಿದವರು, ಮೊದಲ ಗುಂಡೂ ಅಧ್ಯಕ್ಷರದೇ ಎಂದು, ಕೊಠಡಿಯ ಬಳಿ ಕಾದರು. ದೋನ್ ಬೌದಿಲಿಯೊ ಎರವಲು ಬಂದೂಕನ್ನು ಮಗುವನ್ನು ಎತ್ತಿಕೊಂಡಂತೆ ಎರಡೂ ತೋಳಿನಲ್ಲಿ ಎತ್ತಿಕೊಂಡು ನಡೆದರು. ಅದಕ್ಕೆ ತೋಟಾ ತುಂಬಿರಲಿಲ್ಲ. ಒಂದು ಗುಡ್ಡದ ಬಳಸಿನಲ್ಲಿ ಇದ್ದಕ್ಕಿದ್ದ ಹಾಗೆ ಎದುರಿಗೆ ಒಂದು ಗ್ವನಾಕೊ, ನಮ್ಮ ಬೆಟ್ಟಗಳ ಗೂನಿಲ್ಲದ ಕಾಡು ಒಂಟೆ, ನಿಂತಿತ್ತು. ಉದ್ದ ಕತ್ತು, ಅಮಾಯಕ ಕಣ್ಣು. ಅದನ್ನು ಹೊಡೆಯುವುದು ನಮ್ಮ ಪ್ರಾಂತ್ಯದಲ್ಲಿ ಜೈಲಿನ ಅಪರಾಧ. ನಿಕಾನೊರನಿಗೆ ಅದು ಗೊತ್ತು. ಆದರೆ ಮಾಂಸದಂಗಡಿಯವನ ಕೈ, ಅದು ತನ್ನಷ್ಟಕ್ಕೆ ಬಂದೂಕು ಎತ್ತಿತು. ಇದನ್ನು ನೋಡಿ ದೋನ್ ಬೌದಿಲಿಯೊ ಹೆದರಿ ಹಿಂದಕ್ಕೆ ಹೆಜ್ಜೆ ಇಟ್ಟರು, ಕಲ್ಲು ಜಾರಿತು, ಕುಕ್ಕರಿಸಿ ಬಿದ್ದರು. ಡಬ್ಬಿ ತೆರೆದುಕೊಂಡು ಉಳಿದ ಗುಂಡಿಗಳೆಲ್ಲ ಬಂಡೆಯ ಮೇಲೆ ಚಟಪಟನೆ ಉದುರಿದವು. ಗ್ವನಾಕೊ ಒಂದೇ ಜಿಗಿತಕ್ಕೆ ಮಾಯವಾಯಿತು.

ನಿಕಾನೊರ್ ಬೈಯಲು ಬಾಯಿ ತೆರೆದನಂತೆ. ಅಷ್ಟರಲ್ಲಿ ಇಪ್ಪತ್ತು ಹೆಜ್ಜೆ ಆಚೆ, ಪೊದೆಯ ಹಿಂದಿನಿಂದ ಇನ್‌ಸ್ಪೆಕ್ಟರ್ ತೊಬಾರೆಸ್ ಎದ್ದು ನಿಂತು, ಮೊಣಕಾಲಿನ ಮಣ್ಣು ಕೊಡವಿಕೊಂಡು, ಶುಭೋದಯ ಎಂದರು.

ಹಿಂದಿರುಗಿ ಬಂದಾಗ ನಿಕಾನೊರ್ ಸುಣ್ಣದ ಗೋಡೆಯಂತಿದ್ದ. ಅಧ್ಯಕ್ಷರು ತನ್ನನ್ನು ಜೈಲಿನಿಂದ ಉಳಿಸಿದರು, ಆಕೆ ಅಲ್ಲಿ ಅಡಗಿರುವುದನ್ನು ಕಂಡು ಬೇಕೆಂದೇ ಬಿದ್ದರು ಎಂದು ಎಲ್ಲರಿಗೂ ಹೇಳಿದ. ಇಂಥವರು ಇನ್ನೊಬ್ಬರಿಲ್ಲ ಎನ್ನುವಾಗ ಅವನ ಕಣ್ಣಲ್ಲಿ ನೀರಿತ್ತು. ದೋನ್ ಬೌದಿಲಿಯೊ ಮಾತಾಡುವ ಸ್ಥಿತಿಯಲ್ಲಿರಲಿಲ್ಲ, ಸೊಂಟ ಉಳುಕಿತ್ತು.

ಮಧ್ಯಾಹ್ನ ಇನ್‌ಸ್ಪೆಕ್ಟರ್ ಎಲ್ಲರನ್ನೂ ಕಟ್ಟೆಯ ಬಳಿ ಸೇರಿಸಿ ವರದಿ ಓದಿದರು. ಹದಿನೆಂಟು ಸದಸ್ಯರು, ಎರಡು ದಿನ, ಹಿಡಿದ ಮೀನು ಸೊನ್ನೆ. ಹೊಡೆದ ಪ್ರಾಣಿ ಸೊನ್ನೆ. ಹನ್ನೊಂದು ವರ್ಷದ ನೌಕರಿಯಲ್ಲಿ ಇಷ್ಟು ಕಾನೂನುಬದ್ಧವಾದ ಸಂಘವನ್ನು ತಾನು ನೋಡಿಲ್ಲ, ಇದು ನಾಯಕತ್ವದ ಫಲವೆಂದೇ ತಿಳಿಯಬೇಕು ಎಂದರು. ಪರವಾನಗಿ ಕೊಡಲು ಅಡ್ಡಿಯಿಲ್ಲ. ಅಷ್ಟೇ ಅಲ್ಲ, ಪ್ರಾಂತ್ಯದಲ್ಲಿ ಹೊಸ ಮೀನುಗಾರರನ್ನು ಪರೀಕ್ಷಿಸುವ ಪರೀಕ್ಷಕರ ಹುದ್ದೆಯೊಂದು ಖಾಲಿ ಇದೆ, ದೋನ್ ಬೌದಿಲಿಯೊ ಹೆಸರನ್ನು ತಾನು ಶಿಫಾರಸು ಮಾಡುತ್ತೇನೆ ಎಂದರು. ಒಂದು ನಮೂನೆ ಮುಂದೆ ಇಟ್ಟು ಪೆನ್ನು ಕೊಟ್ಟರು. ಅದರಲ್ಲಿ ಒಂದು ಸಾಲು ತುಂಬಬೇಕಿತ್ತು. ಮೀನು ಹಿಡಿಯುವ ಅನುಭವ ಎಷ್ಟು ವರ್ಷ, ಪ್ರಮಾಣಪೂರ್ವಕವಾಗಿ.

ದೋನ್ ಬೌದಿಲಿಯೊ ರಸ್ತೆಯ ಕನ್ನಡಕ ತೆಗೆದು ಸೂಜಿಯ ಕನ್ನಡಕ ಹಾಕಿಕೊಂಡರು. ಆ ಸಾಲನ್ನು ಬಹಳ ಹೊತ್ತು ಓದಿದರು. ಚಪ್ಪಾಳೆಗೆ ಸುಮ್ಮನಿರುವುದು ಬೇರೆ, ಸುಳ್ಳನ್ನು ತಮ್ಮ ಕೈಯಾರೆ ಬರೆಯುವುದು ಬೇರೆ. ಮೂವತ್ತು ವರ್ಷ ಅಂಗಡಿ ನಡೆಸಿದವರು ಒಂದು ಬೆರಳಿನಗಲ ಲೇಸನ್ನು ಕಡಿಮೆ ಅಳೆದು ಕೊಟ್ಟವರಲ್ಲ. ಪೆನ್ನನ್ನು ಕೆಳಗಿಟ್ಟರು.

"ನಂಗೆ ಮೀನು ಹಿಡಿಯೋಕೆ ಬರಲ್ಲಮ್ಮ," ಅಂದರು. "ಒಂದನ್ನೂ ಹಿಡಿದಿಲ್ಲ. ಅವತ್ತು ನಾನು ಕೈ ಎತ್ತಿದ್ದು ಕಿಟಕಿಗೆ."

ಜನ ನಕ್ಕರು. ನಿಕಾನೊರ್ ಇನ್‌ಸ್ಪೆಕ್ಟರ್ ಕಡೆ ತಿರುಗಿ, ದೊಡ್ಡವರ ವಿನಯವೇ ಹೀಗೆ, ನೀವು ಬರೆದುಕೊಳ್ಳಿ ಎಂದ. ಮೂವತ್ತು ವರ್ಷ ಎಂದು ಬರೆಯಿರಿ ಎಂದು ಔಷಧದಂಗಡಿಯವನು ಸೊಂಟಕ್ಕೆ ಸುತ್ತಿಕೊಂಡಿದ್ದ ಎರವಲು ಕಂಬಳಿಯನ್ನು ಹಿಡಿದುಕೊಂಡು ಕೂಗಿದ. ದೋನ್ ಬೌದಿಲಿಯೊ ನನ್ನ ಕಡೆ ನೋಡಿದರು. ಆ ನೋಟವನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ. ನಿಜ, ಕಿಟಕಿಗೇ, ನನಗೆ ಆಗಲೇ ಗೊತ್ತಿತ್ತು, ಹಸಿವಿನ ಅವಸರದಲ್ಲಿ ಸರ್ವಾನುಮತ ಅಂತ ಬರೆದುಬಿಟ್ಟೆ ಎಂದು ನಾನೂ ಒಪ್ಪಿಕೊಂಡೆ. ಆಗ ನಗು ನಿಂತಿತು.

ಇನ್‌ಸ್ಪೆಕ್ಟರ್ ಪುಸ್ತಕ ಮುಚ್ಚಿದರು. ನಿಯಮದ ಪ್ರಕಾರ ಅಧ್ಯಕ್ಷರಾದವರು ಮೀನು ಹಿಡಿಯಬಲ್ಲವರಾಗಿರಬೇಕು, ಇಲ್ಲದಿದ್ದರೆ ಸಂಘಕ್ಕೆ ಪರವಾನಗಿ ಇಲ್ಲ ಎಂದರು. ಗಡಿಯಾರ ನೋಡಿದರು. ಮೂರು ಗಂಟೆಗೆ ನನ್ನ ಜೀಪು ಹೊರಡುತ್ತದೆ, ಅಷ್ಟರೊಳಗೆ ಅವರು ನನ್ನ ಕಣ್ಣೆದುರು ಒಂದು ಮೀನನ್ನು ಕ್ರಮವಾಗಿ ಹಿಡಿದು ತೋರಿಸಲಿ, ನೋಡೋಣ ಎಂದರು. ಆಗ ಎರಡು ಗಂಟೆ. ನಮ್ಮ ಅಪ್ಪಂದಿರು ಕಟ್ಟಿದ ಕೊಠಡಿಯನ್ನು ನಾವೆಲ್ಲ ಒಮ್ಮೆ ತಿರುಗಿ ನೋಡಿದೆವು. ದೋನ್ ಬೌದಿಲಿಯೊ ಎದ್ದು ನಿಂತರು. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮತ್ತೆ ಕುಳಿತರು.

ಆಗ ದೋನ್ಯಾ ಓತಿಲಿಯಾ ಕೈಗೆ ಅಂಟಿದ ಹಿಟ್ಟನ್ನು ಒರೆಸಿಕೊಂಡು ಬಂದರು. ನಿಕಾನೊರನ ಪೆಟ್ಟಿಗೆಯಿಂದ ಒಂದು ಸಣ್ಣ ಕೊಕ್ಕೆ ಆರಿಸಿ, ದಾರಕ್ಕೆ ಹಲ್ಲಿನಿಂದ ಎಳೆದು ಗಂಟು ಹಾಕಿದರು. ಕಣ್ಣು ಮಿಟುಕಿಸುವುದರೊಳಗೆ ಮುಗಿಯಿತು. ಆ ಗಂಟನ್ನು ನೋಡಿ ನಿಕಾನೊರ್ ಟೋಪಿ ತೆಗೆದ. ಆಕೆ ಒದ್ದೆ ಕಲ್ಲೊಂದನ್ನು ಮಗುಚಿ ಅದರಡಿಯ ಹುಳು ಹೆಕ್ಕಿ ಚುಚ್ಚಿದರು.

"ಏಳು ಮುದುಕಾ. ಇಲ್ಲಲ್ಲ, ಆ ಮೂಲೇಗೆ. ಇಲ್ಲಿ ಆಳ ಇಲ್ಲ, ಕೆಳಗೆ ಹಳೇ ರಸ್ತೆ ಇದೆ. ಅಲ್ಲಿ ಕೆಳಗೆ ತೊರೆ ಇತ್ತು."

"ನಿಂಗೆ ಹೇಗೆ ಗೊತ್ತು?"

"ನಮ್ಮಪ್ಪ ಈ ಅಣೆಕಟ್ಟಿಗೆ ಗಾರೆ ಕೆಲಸ ಮಾಡಿದ್ದು. ಹದಿನಾಲ್ಕು ವರ್ಷದ ತನಕ ನಾನು ಇಲ್ಲೇ ಕೂಲಿಯವರ ಗುಡಿಸಲಲ್ಲಿ ಬೆಳೆದದ್ದು. ಮೊಣಕೈ ಒಳಗಿಟ್ಕೋ."

"ಇಪ್ಪತ್ತೊಂಬತ್ತು ವರ್ಷ ಒಂದು ದಿನಾನೂ ಹೇಳ್ಲಿಲ್ವಲ್ಲೇ."

"ನೋಡೋಕೆ ಬಂದ ದಿನ ನೀನೇ ಹೇಳಿದ್ದೆ, ಮೀನಿನ ವಾಸನೆ ಕಂಡ್ರೆ ಆಗಲ್ಲ ಅಂತ. ನಂಗೆ ನೀನು ಬೇಕಾಗಿತ್ತು. ಎಸಿ ಈಗ."

ಎಸೆದರು. ಹದಿನೆಂಟು ಜನ ಅವರ ಹಿಂದೆ ಅರ್ಧ ಚಂದ್ರಾಕಾರವಾಗಿ ನಿಂತು, ಆಕೆ ಹೇಳಿದ್ದನ್ನೆಲ್ಲ ತಮಗೇ ಹೇಳಿದಂತೆ ಕೇಳಿಸಿಕೊಂಡರು. ನಿಕಾನೊರ್ ತನಗರಿವಿಲ್ಲದೆ ಮೊಣಕೈ ಒಳಗಿಟ್ಟುಕೊಂಡಿದ್ದ. ಎರಡೂವರೆಯಾಯಿತು. ಎರಡು ಮುಕ್ಕಾಲಾಯಿತು. ಒಮ್ಮೆ ದಾರ ನಡುಗಿತು, ಇವರು ಎಳೆದರು, ಬರೀ ಕೊಕ್ಕೆ ಬಂತು. ತುಂಬಾ ಬೇಗ ಎಳೆದೆ, ಅದು ತಿನ್ನುವವರೆಗೆ ಬಿಡು ಎಂದು ದೋನ್ಯಾ ಓತಿಲಿಯಾ ಬೇರೆ ಹುಳು ಚುಚ್ಚಿದರು. ಮೂರಕ್ಕೆ ಆರು ನಿಮಿಷ ಇರುವಾಗ ಕೋಲು ಬಿಲ್ಲಿನಂತೆ ಬಾಗಿತು. ದೋನ್ ಬೌದಿಲಿಯೊ ಸೊಂಟದ ನೋವು ಮರೆತು ನಾಲ್ಕು ಹೆಜ್ಜೆ ನೀರಿಗೇ ಇಳಿದುಬಿಟ್ಟರು. ಹಿಂದಕ್ಕೆ ಬರುವಾಗ ದಾರದ ತುದಿಯಲ್ಲಿ ಒಂದು ಟ್ರೌಟ್ ಮೀನು ಒದ್ದಾಡುತ್ತಿತ್ತು. ಮೈಮೇಲೆ ಚುಕ್ಕೆ ಚುಕ್ಕೆ, ಪಕ್ಕೆಯಲ್ಲಿ ಕೆಂಪು ಗೆರೆ. ಇಷ್ಟು ಚಂದದ ಬಟ್ಟೆ ತಾವು ನೋಡಿಲ್ಲ ಎನ್ನುವ ಹಾಗೆ ಅವರು ಅದನ್ನೇ ನೋಡುತ್ತ ನಿಂತರು.

ಹದಿನೆಂಟು ಜನ ಟೋಪಿ ಎಸೆದರು. ಇನ್‌ಸ್ಪೆಕ್ಟರ್ ಅಳತೆಪಟ್ಟಿ ತೆಗೆಯಲು ಜೇಬಿಗೆ ಕೈಹಾಕಿದರು.

"ಇಪ್ಪತ್ತಮೂರೂವರೆ ಸೆಂಟಿಮೀಟರ್," ಎಂದು ಕಣ್ಣಳತೆಯಲ್ಲೇ ಹೇಳಿದರು ದೋನ್ ಬೌದಿಲಿಯೊ. "ಎಷ್ಟಿರಬೇಕು?"

ಇಪ್ಪತ್ತೈದು ಎಂದು ಇನ್‌ಸ್ಪೆಕ್ಟರ್ ಹೇಳಿದರು. ಪಟ್ಟಿ ಇಟ್ಟು ನೋಡಿದರು. ಇಪ್ಪತ್ತಮೂರೂವರೆ. ನಿಕಾನೊರ್ ಮುಖ ಮುಚ್ಚಿಕೊಂಡ. ಬಾಲ ಸ್ವಲ್ಪ ಎಳೆದರೆ ಆಗುತ್ತದೆ ಎಂದು ಹಿಂದಿನಿಂದ ಯಾರೋ ಅಂದರು. ದೋನ್ ಬೌದಿಲಿಯೊ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಹೆಂಡತಿಯ ಕಡೆ ನೋಡಿದರು, ಆಕೆ ತಲೆಯಾಡಿಸಿದರು. ಇವರು ಬಗ್ಗಿ, ಕೊಕ್ಕೆಯನ್ನು ಹೊಲಿಗೆ ಬಿಚ್ಚುವಷ್ಟು ಮೆಲ್ಲಗೆ ಬಿಡಿಸಿ, ಮೀನನ್ನು ನೀರಿಗೆ ಬಿಟ್ಟರು. ಅದು ಒಂದು ಗಳಿಗೆ ಅವರ ಬೂಟುಗಳ ನಡುವೆ ನಿಂತು, ಆಮೇಲೆ ಹೋಯಿತು.

ಇನ್‌ಸ್ಪೆಕ್ಟರ್ ತೊಬಾರೆಸ್ ಅಳತೆಪಟ್ಟಿಯನ್ನು ಮಡಚಿ ಒಳಗಿಟ್ಟು, ಜೀಪಿನ ಬಾನೆಟ್ಟಿನ ಮೇಲೆ ನಮೂನೆ ಹರಡಿ ಬರೆಯತೊಡಗಿದರು. ಹಿಡಿದದ್ದೂ ಕ್ರಮವಾಗಿದೆ, ಬಿಟ್ಟದ್ದೂ ಕ್ರಮವಾಗಿದೆ, ನಿಯಮದಲ್ಲಿ ಮನೆಗೆ ಒಯ್ಯಬೇಕೆಂದು ಎಲ್ಲಿಯೂ ಬರೆದಿಲ್ಲ ಎಂದರು. ಪರವಾನಗಿ ಐದು ವರ್ಷಕ್ಕೆ. ಅಧ್ಯಕ್ಷರ ಅನುಭವದ ಜಾಗದಲ್ಲಿ 'ಒಂದು ಗಂಟೆ' ಎಂದು ಬರೆದು, ದೋನ್ ಬೌದಿಲಿಯೊ ಕೈಯಿಂದ ಸಹಿ ಹಾಕಿಸಿಕೊಂಡರು. ಪರೀಕ್ಷಕರ ಹುದ್ದೆಯ ನಮೂನೆಯನ್ನು ಕೈಯಲ್ಲಿ ಹಿಡಿದು, ದೋನ್ಯಾ ಓತಿಲಿಯಾ ಅವರ ಪೂರ್ತಿ ಹೆಸರೇನು ಎಂದು ಕೇಳಿದರು. ಆಕೆ ಹೇಳಿದರು. ಎಂಪನಾದ ಸೀದು ಹೋಗುತ್ತಿದೆ ಎಂದು ಒಳಗೆ ಹೋದರು.

ಊರಿಗೆ ಹಿಂದಿರುಗುವಾಗ ನಿಕಾನೊರ್ ಲಾರಿ ನಡೆಸಿದ. ನಾವು ಹಿಂದೆ ಹಾಸಿಗೆ ಮೂಟೆಗಳ ಮೇಲೆ ಕುಳಿತಿದ್ದೆವು. ಇಳಿಬಿಸಿಲು ಬೆಟ್ಟಗಳ ಮೇಲೆ ಹಳದಿಯಾಗಿ ಬಿದ್ದಿತ್ತು. ಆ ನೀರಿನ ಕೆಳಗೆ ತನ್ನ ಶಾಲೆ ಇದೆ ಎಂದು ದೋನ್ಯಾ ಓತಿಲಿಯಾ ಹೇಳಿದರು. ಅಣೆಕಟ್ಟು ಮುಚ್ಚಿದ ವರ್ಷ ನೀರು ಒಂದೊಂದೇ ಮೆಟ್ಟಿಲು ಏರಿತಂತೆ. ತಾನು ಕೊನೆಯ ಮೆಟ್ಟಿಲ ಮೇಲೆ ಕುಳಿತು ಗಾಳ ಹಾಕಿದ್ದೆ, ಶಾಲೆಯ ಅಂಗಳದಲ್ಲಿ ಮೀನು ಹಿಡಿದವಳು ತಾನೊಬ್ಬಳೇ ಎಂದರು. ದೋನ್ ಬೌದಿಲಿಯೊ ಇಪ್ಪತ್ತೆರಡು ಜೇಬಿನ ಮೇಲಂಗಿ ತೆಗೆದು ಆಕೆಗೆ ಹೊದಿಸಿದರು. ಲಾರಿ ಮೂರು ತಿರುವು ಇಳಿಯಿತು.

"ಓತಿಲಿಯಾ," ಅಂದರು ಆಮೇಲೆ. "ನಾನು ಕೇಳ್ದೇ ಇರೋದು ಇನ್ನೇನಾದ್ರೂ ಇದ್ಯಾ?"

ಆಕೆ ಪ್ರಾಮಾಣಿಕವಾಗಿ ಯೋಚನೆ ಮಾಡಿದರು.

"ಬಂದೂಕೂ ಚೆನ್ನಾಗಿ ಹೊಡೀತೀನಿ," ಎಂದರು.

ದೋನ್ ಬೌದಿಲಿಯೊ ಸ್ವಲ್ಪ ಪಕ್ಕಕ್ಕೆ ಸರಿದು ಆಕೆಗೆ ಇನ್ನಷ್ಟು ಜಾಗ ಬಿಟ್ಟುಕೊಟ್ಟರು.